ಪ್ರೊಸೆಸರಿನ ಹೆಸರುಬಲ

ಮಂಗಳವಾರ ಬೆಳಿಗ್ಗೆ ಎಂಟಕ್ಕೆ ಬಂದ ಆ ಫೋನನ್ನು ಕೊಟ್ರೇಶ ಎತ್ತದೇ ಇದ್ದಿದ್ದರೆ ತನ್ನ ಪಾಡಿಗೆ ತಾನು ಸುಖವಾಗಿರುತ್ತಿದ್ದ. ಆದರೆ ಎತ್ತದೇ ಇರುವುದು ಹೇಗೆ? ಫೋನು ಅಂದಾನೆಪ್ಪ ಸಾವ್ಕಾರರದು. ಬ್ಯಾಡಗಿಯ ಮೆಣಸಿನಕಾಯಿ ದಲಾಲರಲ್ಲಿ ಅವರು ಹೂಂ ಅಂದರೆ ಹತ್ತು ಮಂದಿ ಹೂಂ ಅನ್ನುತ್ತಿದ್ದರು.

“ಸ್ವಾಮೇರ, ಮಗಳಿಗೆ ಒಂದು ಗಂಡು ಬಂದೈತ್ರಿ. ಇಬ್ಬರದೂ ಜಾತಕ ತಗೊಂಡು ನಾಕಕ್ಕ ಬರ್ತೀವಿ. ಲಗೂ ನೋಡಿಕೊಡ್ರಿ, ನಮಗ ಕುಂದ್ರಾಕ ಹೊತ್ತಿಲ್ಲ.”

ಲಗೂ, ಅಂದರೆ ಬೇಗ, ಎನ್ನುವುದನ್ನು ನಮ್ಮ ಕಡೆ ದರ್ಜಿಗೂ ಹೇಳುತ್ತಾರೆ, ಗೌಂಡಿಗೂ ಹೇಳುತ್ತಾರೆ. ಯಾರೂ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ. ಕೊಟ್ರೇಶ ಹಚ್ಚಿಕೊಂಡ.

ಅವನ ಅಪ್ಪ ಪಂಚಾಂಗ ನೋಡಿ, ಬೆರಳು ಎಣಿಸಿ ಜಾತಕ ಹೇಳುತ್ತಿದ್ದವರು. ಕೊಟ್ರೇಶ ಕಾಲಕ್ಕೆ ತಕ್ಕಂತೆ ಬಸ್‌ಸ್ಟ್ಯಾಂಡ್ ಹಿಂದಿನ ಓಣಿಯಲ್ಲಿ ಒಂದು ಕೋಣೆ ಹಿಡಿದು, ‘ಗಣಕಯಂತ್ರದಲ್ಲಿ ಜಾತಕ ನೋಡಲಾಗುವುದು’ ಎಂದು ಬೋರ್ಡು ಹಾಕಿಸಿ, ಕಂಪ್ಯೂಟರ್ ಸ್ವಾಮೇರು ಅನ್ನಿಸಿಕೊಂಡಿದ್ದ. ಮುಚ್ಚುಮರೆ ಇಲ್ಲ ಎಂದು ತೋರಿಸಲು ಪರದೆಯನ್ನು ಬಂದವರ ಕಡೆಗೇ ತಿರುಗಿಸಿ ಇಟ್ಟಿದ್ದ. ಯಂತ್ರಕ್ಕೆ ಹದಿಮೂರು ವರ್ಷ ತುಂಬಿತ್ತು. ಎರಡು ಜಾತಕ ಕೂಡಿಸಲು ಹೇಳಿದರೆ ಅದು ಒಳಗೊಳಗೇ ಗುರುಗುಟ್ಟಿ, ಪರದೆಯ ಮೇಲೆ ಒಂದು ಚಕ್ರ ತಿರುಗಿಸುತ್ತ ಅರ್ಧ ತಾಸು ಕೂರುತ್ತಿತ್ತು. ಅಷ್ಟು ಹೊತ್ತು ಬಂದವರೆಲ್ಲ ಆ ಚಕ್ರವನ್ನೇ ನೋಡುತ್ತ ಸುಮ್ಮನೆ ಕೂರುತ್ತಿದ್ದರು. ಕೊಟ್ರೇಶನಿಗೆ ಮಾತ್ರ ಆ ಅರ್ಧ ತಾಸು ನಾಚಿಕೆಯಿಂದ ಬೆವರು ಬರುತ್ತಿತ್ತು.

“ಇವತ್ತು ಇದು ಹಿಂಗ ಕುಂತರ ಸಾವ್ಕಾರರು ಎದ್ದು ಹಾವೇರಿಗೆ ಬ್ಯಾರೆ ಜ್ಯೋತಿಷಿ ಕಡೆ ಹೊಕ್ಕಾರ,” ಎಂದು ಹೆಂಡತಿ ಸುರೇಖಾಳ ಮುಂದೆ ಹೇಳಿಕೊಂಡ. “ಅವರ ಮನಿ ಜಾತಕ ಕೈಗೆ ಬಂದ್ರ ಎಲ್ಲಾ ದಲಾಲರ ಮನಿ ಜಾತಕ ಬಂದಂಗ. ಅವರು ಹೋದ್ರ ಎಲ್ಲಾರೂ ಹೋದಂಗ. ಆಮ್ಯಾಲ ಈ ಅಂಗಡಿ ಬಾಗಲಾ ಹಾಕೂದ.”

“ಲಗೂ ಲಗೂ ಅಂತ ಎಲ್ಲಾರೂ ಅಂತಾರ್ರಿ. ಅಂದಾವ್ರು ಯಾರರ ಎದ್ದು ಹೋಗ್ಯಾರೇನು?”

ಹೆಂಡತಿ ಹೇಳಿದ ಸರಿಯಾದ ಮಾತನ್ನು ಅದೇ ದಿನ ಕೇಳುವ ಅಭ್ಯಾಸ ಕೊಟ್ರೇಶನಿಗೆ ಇರಲಿಲ್ಲ. ಹೊಲಿಗೆ ಯಂತ್ರಕ್ಕೆಂದು ಅವಳು ಕೂಡಿಟ್ಟಿದ್ದ ದುಡ್ಡನ್ನು ಇಸಿದುಕೊಂಡು ಹೊರಬಿದ್ದ.

ಪಕ್ಕದಲ್ಲೇ ಜಾಕೀರನ ಚಹಾದಂಗಡಿ. ಜಾಕೀರನ ಮಗಳು ಸಿಮ್ರಾನ ಹಾವೇರಿಯಲ್ಲಿ ಕಾಲೇಜು ಓದುತ್ತಿದ್ದಳಾದ್ದರಿಂದ ಕಂಪ್ಯೂಟರ್ ವಿಷಯದಲ್ಲಿ ಅವನ ಮಾತು ಓಣಿಗೇ ಕೊನೆಯ ಮಾತು.

“ಪ್ರೊಸೆಸರ್ ಬದ್ಲಿ ಮಾಡ್ರಿ ಸ್ವಾಮೇರ, ಅದ ಅದರ ತಲಿ ಇದ್ದಂಗ,” ಅಂದ ಜಾಕೀರ, ಯಂತ್ರ ಜೋರು ಓಡಲು ಏನು ಮಾಡಬೇಕೆಂದು ಕೇಳಿದ್ದಕ್ಕೆ. “ಆದ್ರ ಯಾಕ ಬದ್ಲಿ ಮಾಡ್ತೀರಿ? ಇರೂದು ಛಲೋ ಐತಿ.”

“ನಿನಗ ಛಲೋನ ಐತಿ. ಅದು ಚಕ್ರಾ ತಿರುವೂದ್ರಾಗ ಬಂದಾವ್ರು ನಿನ್ನ ಕಡೆ ಎರಡೆರಡು ಚಾ ಕುಡೀತಾರ.”

ಜಾಕೀರ ಅದನ್ನು ಅಲ್ಲಗಳೆಯಲಿಲ್ಲ. “ಐ-ಥ್ರೀ, ಐ-ಫೈವ್, ಐ-ಸೆವೆನ್ ಅಂತ ಮೂರು ಇರ್ತಾವ. ನಮ್ ಸಿಮ್ರಾನದು ಐ-ಫೈವ್. ದೊಡ್ಡ ನಂಬರ್ ತಗೊಂಡ್ರ ದೊಡ್ಡ ಕೆಲಸ.”

ಇಲ್ಲಿಂದ ಕೊಟ್ರೇಶನ ತಲೆ ತನ್ನದೇ ದಾರಿ ಹಿಡಿಯಿತು. ದೊಡ್ಡದು ಏಳು, ನಿಜ. ಆದರೆ ಏಳು ಕೇತುವಿನ ಅಂಕಿ. ಕೇತುವನ್ನು ದುಡ್ಡು ಕೊಟ್ಟು ಮನೆಗೆ ಯಾರು ತರುತ್ತಾರೆ? ಮೂರು ಗುರುವಿನದು, ಗುರು ಒಳ್ಳೆಯವನೇ, ಆದರೆ ನಿಧಾನಸ್ಥ. ಐದು ಬುಧನದು. ಲೆಕ್ಕಕ್ಕೂ ವ್ಯಾಪಾರಕ್ಕೂ ಬುಧನೇ ಅಧಿಪತಿ. ಐದೇ ಸರಿ ಎಂದು ಗಟ್ಟಿ ಮಾಡಿಕೊಂಡು, ಸಿಪಿಯು ಡಬ್ಬಿಯನ್ನು ಟವೆಲ್ಲಿನಲ್ಲಿ ಸುತ್ತಿ, ರಾಣೆಬೆನ್ನೂರಿನ ಬಸ್ಸು ಹತ್ತಿದ.

ಬಸ್ಸಿನಲ್ಲಿ ಡಬ್ಬಿ ತೊಡೆಯ ಮೇಲೆ ಕೂತಿದ್ದರಿಂದ ಎಲ್ಲರಿಗೂ ಮಾತಿಗೆ ವಿಷಯ ಸಿಕ್ಕಿತು. ಮುಂದಿನ ಸೀಟಿನವರು ರ‍್ಯಾಮ್ ಹಾಕಿಸಿದರೆ ಸಾಕು ಎಂದರು. ಹಿಂದಿನವರು ಪ್ರೊಸೆಸರ್ ಎಂಬುದೇ ಸುಳ್ಳು, ಒಳಗಿನ ಧೂಳು ಊದಿದರೆ ಹೊಸದರಂತೆ ಓಡುತ್ತದೆ ಎಂದರು. ಕಂಡಕ್ಟರು ಡಬ್ಬಿಗೆ ಲಗೇಜು ಟಿಕೆಟ್ಟು ಹರಿಯುವಾಗ, ತನ್ನ ಭಾವನ ಕಡೆ ಹಿಂಥಾದ್ದೇ ಇತ್ತು, ಎಂಟು ಕೋರಿನದು ಹಾಕಿಸಿದ್ದ, ಈಗ ಬಿಸಿಯಾಗಿ ಕೈ ಇಡಲು ಆಗುವುದಿಲ್ಲ ಎಂದು ತಿಳಿಸಿದ. ಬಿಸಿಯಾಗುತ್ತದೆ ಎಂದರೆ ಕುಜದೋಷ ಇರಬೇಕೆಂದು ಕೊಟ್ರೇಶ ಮನಸ್ಸಿನಲ್ಲೇ ಗುರುತು ಹಾಕಿಕೊಂಡ. ಬಸ್ಸು ಇಳಿಯುವ ಹೊತ್ತಿಗೆ ಅವನಿಗೆ ಹತ್ತುವಾಗ ಗೊತ್ತಿದ್ದುದೂ ಮರೆತುಹೋಗಿತ್ತು.

ರಾಣೆಬೆನ್ನೂರಿನಲ್ಲಿ ಅಶ್ಫಾಕನ ಕಂಪ್ಯೂಟರ್ ಅಂಗಡಿ. ಅಶ್ಫಾಕ ಒಳ್ಳೆಯ ಮನುಷ್ಯ, ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತಿದ್ದ. ತೊಂದರೆ ಆದದ್ದು ಅದರಿಂದಲೇ.

“ನನಗ ಐ-ಫೈವ್ ಹಾಕಿಕೊಡ್ರಿ,” ಅಂದ ಕೊಟ್ರೇಶ, ಬಲ್ಲವನಂತೆ.

“ಎಷ್ಟನೇ ಜನರೇಷನ್‌ದು ಹಾಕ್ಲಿರಿ?”

“ಅಂದ್ರ?”

“ಅಂದ್ರ ತಲಿಮಾರು. ಹನ್ನೆರಡನೇ ತಲಿಮಾರಿನ ಐ-ಥ್ರೀ ಐತಲ್ರಿ, ಅದು ಮೂರನೇ ತಲಿಮಾರಿನ ಐ-ಸೆವೆನ್‌ಕಿಂತ ಜೋರ್ ಓಡ್ತೈತಿ.”

ಮೂರು ಏಳಕ್ಕಿಂತ ದೊಡ್ಡದಾಗುವ ಶಾಸ್ತ್ರವನ್ನು ಕೊಟ್ರೇಶ ಎಲ್ಲೂ ಓದಿರಲಿಲ್ಲ. ಆದರೆ ಮನೆತನ ನೋಡಬೇಕು ಎನ್ನುವ ಮಾತು ಅವನಿಗೆ ಹೊಸದಲ್ಲ. ತಲೆಯಾಡಿಸಿದ. ಅಷ್ಟರಲ್ಲಿ ಅಶ್ಫಾಕ ಡಬ್ಬಿ ಬಿಚ್ಚಿ ಒಳಗೆ ನೋಡಿ ಲೊಚಗುಟ್ಟಿದ.

“ನಿಮ್ಮ ಬೋರ್ಡು ಭಾಳ ಹಳೇದೈತ್ರಿ ಸ್ವಾಮೇರ. ಹೊಸಾ ಪ್ರೊಸೆಸರ್ ಇದಕ್ಕ ಕೂಡೂದಿಲ್ಲ.”

“ಎಷ್ಟು ಗುಣ ಕೂಡ್ತಾವ?”

“ಗುಣ ಅಲ್ರಿ. ಕೂಡಿಸೋ ಜಾಗಾನ ಬ್ಯಾರೆ.”

“ಏನರ ಪರಿಹಾರ ಐತೇನು?” ಎಂದ ಕೊಟ್ರೇಶ. ತನ್ನ ಅಂಗಡಿಯಲ್ಲಿ ದಿನಕ್ಕೆ ಹತ್ತು ಮಂದಿ ಕೇಳುವ ಈ ಮಾತನ್ನು ಅವನು ತಾನೇ ಕೇಳಿದ್ದು ಇದೇ ಮೊದಲು.

“ಐತ್ರಿ. ಬೋರ್ಡೂ ಬದ್ಲಿ ಮಾಡೂದು. ಬೋರ್ಡು ಬದ್ಲಿ ಮಾಡಿದ್ರ ಹಳೇ ರ‍್ಯಾಮ್ ಅದಕ್ಕ ಕೂಡೂದಿಲ್ಲ, ಅದೂ ಬದ್ಲಿ. ಆಮ್ಯಾಲ ಹಳೇ ಪವರ್ ಡಬ್ಬಿ ಮ್ಯಾಲ ನನಗ ನಂಬಿಗಿ ಇಲ್ಲ.”

“ಹಂಗಾರ ನಂದು ಅಂತ ಏನು ಉಳೀತು?”

ಅಶ್ಫಾಕ ಸುತ್ತ ನೋಡಿದ. “ತಗಡಿನ ಡಬ್ಬಿ ಐತಲ್ರಿ. ಅರಿಷಿಣ, ಕುಂಕುಮ ಹಚ್ಚೀರಿ. ಅದನ್ನ ಮುಟ್ಟೂದಿಲ್ಲ.”

ಗಡಿಯಾರ ಹನ್ನೊಂದೂವರೆ ತೋರಿಸುತ್ತಿತ್ತು. ಅಶ್ಫಾಕ ಮೇಜಿನ ಮೇಲೆ ಡಬ್ಬಿಗಳನ್ನು ಸಾಲಾಗಿ ಇಟ್ಟ. ಐ-ಥ್ರೀ, ಐ-ಫೈವ್, ಅವುಗಳ ಪಕ್ಕಕ್ಕೆ ಇದುವರೆಗೆ ಯಾರೂ ಹೆಸರೆತ್ತದ ಇನ್ನೊಂದು, ರೈಝೆನ್. ಅದು ಬೇರೆ ಕಂಪನಿಯದು, ಅದರಲ್ಲೂ ಮೂರು, ಐದು, ಏಳು ಇವೆ ಎಂದು ಕೇಳಿದಾಗ ಕೊಟ್ರೇಶನಿಗೆ ಕಣ್ಣು ಮಂಜಾದಂತಾಯಿತು. ಎಷ್ಟು ಕೋರು, ಎಷ್ಟು ಥ್ರೆಡ್ಡು, ಎಷ್ಟು ಗಿಗಾಹರ್ಟ್ಸ್ ಎಂದು ಅಶ್ಫಾಕ ಒಂದೇ ಉಸಿರಿನಲ್ಲಿ ಹೇಳುತ್ತ ಹೋದ. ಕೊಟ್ರೇಶ ಪ್ರತಿಯೊಂದಕ್ಕೂ ಹೂಂ ಎನ್ನುತ್ತ, ಇಷ್ಟು ವರ್ಷ ತಾನು ಅಷ್ಟಮ, ದ್ವಾದಶ, ನೀಚಭಂಗ ಎನ್ನುವಾಗ ಜನ ಹೂಂ ಎಂದದ್ದು ಇದೇ ರೀತಿಯದಿರಬಹುದೇ ಎಂದು ಒಂದು ಗಳಿಗೆ ಸಂಶಯಪಟ್ಟ. ಬೇಡದ ಯೋಚನೆ ಎಂದು ಅದನ್ನು ಬಿಟ್ಟುಬಿಟ್ಟ.

ಕೊನೆಗೆ ತನಗೆ ತಿಳಿದ ದಾರಿಯೇ ಗತಿಯಾಯಿತು. ಕಿಸೆಯಿಂದ ಪಂಚಾಂಗ ತೆಗೆದ.

“ಇವು ಹುಟ್ಟಿದ ತಾರೀಕು ಹೇಳ್ರಿ.”

ಅಶ್ಫಾಕ ವ್ಯಾಪಾರಸ್ಥ. ಗಿರಾಕಿ ಏನು ಕೇಳಿದರೂ ಹುಬ್ಬೇರಿಸುವುದಿಲ್ಲ. ಡಬ್ಬಿ ತಿರುಗಿಸಿ ನೋಡಿದ. “ತಿಂಗಳು, ವರ್ಷ ಅಷ್ಟ ಬರದಾರ್ರಿ. ತಾರೀಕು ಇಲ್ಲ.”

“ಹುಟ್ಟಿದ ವ್ಯಾಳ್ಯಾ?”

“ಅದೂ ಇಲ್ರಿ. ಊರು ಐತಿ. ಇದು ಮಲೇಶಿಯಾ, ಇದು ವಿಯೆಟ್ನಾಂ.”

“ಜಾತಕಾ ಬರಿಯಾಕ ಬರೂದಿಲ್ಲ,” ಎಂದು ಕೊಟ್ರೇಶ ತೀರ್ಪು ಕೊಟ್ಟ. “ಹೆಸರುಬಲಾನ ನೋಡೂದು.”

ಹುಟ್ಟಿದ ಹೊತ್ತು ಗೊತ್ತಿಲ್ಲದವರಿಗೆ ಹೆಸರಿನ ಮೊದಲ ಅಕ್ಷರ ಹಿಡಿದು ನಕ್ಷತ್ರ ಹೇಳುವುದು ನಮ್ಮ ಕಡೆ ರೂಢಿ. ಐ-ಥ್ರೀ, ಐ-ಫೈವ್, ಐ-ಸೆವೆನ್ ಮೂವರದೂ ಒಂದೇ ಅಕ್ಷರ, ಒಂದೇ ಕೃತ್ತಿಕಾ ನಕ್ಷತ್ರ, ವೃಷಭ ರಾಶಿ. ಕೊಟ್ರೇಶನದು ಮಿಥುನ. ವೃಷಭವೆಂದರೆ ಮಿಥುನಕ್ಕೆ ಹನ್ನೆರಡನೆಯದು, ವ್ಯಯಸ್ಥಾನ, ಸುಮ್ಮನೆ ಖರ್ಚು. ರೈಝೆನ್ನಿನ ಅಕ್ಷರ ತುಲಾ ರಾಶಿಗೆ ಬಂತು. ಮಿಥುನಕ್ಕೆ ತುಲಾ ಐದನೆಯದು. ತ್ರಿಕೋಣ, ಶುಭಸ್ಥಾನ. ಅದರ ಮೇಲೆ ಬುಧನ ಐದು ಅಂಕಿಯೂ ಕೂಡಿದರೆ ಕೇಳುವುದೇ ಬೇಡ.

“ರೈಝೆನ್ ಫೈವ್ ಹಾಕ್ರಿ,” ಅಂದ. ಬೆಳಗಿನಿಂದ ಮೊದಲ ಸಲ ಅವನ ಮುಖ ತಿಳಿಯಾಗಿತ್ತು.

ಅಶ್ಫಾಕ ತುಸು ಬೆರಗಾದ. “ಛಲೋ ಆರಿಸಿದ್ರಿ. ನಿಮ್ಮ ಕೆಲಸಕ್ಕ ಅದು ಬರೋಬರಿ ಐತಿ.” ಇದನ್ನು ಅವನು ಮನಸ್ಸಿನಿಂದಲೇ ಹೇಳಿದ್ದು.

ಒಳಗಿನದೆಲ್ಲ ಹೊಸದಾಗಿ, ಜಾತಕದ ಸಾಫ್ಟ್‌ವೇರನ್ನು ಮಾತ್ರ ಹಾಗೇ ಉಳಿಸಿಕೊಂಡು, ಹಳೆಯ ಡಬ್ಬಿ ಹೊತ್ತುಕೊಂಡು ಕೊಟ್ರೇಶ ಬ್ಯಾಡಗಿಗೆ ಬಂದಾಗ ಮೂರೂವರೆ. ವೈರು ಚುಚ್ಚಿ ಗುಂಡಿ ಒತ್ತಿದ. ಮುಂಚೆ ಗುಂಡಿ ಒತ್ತಿ ಸ್ನಾನಕ್ಕೆ ಹೋಗುವ ಅಭ್ಯಾಸ. ಈಗ ಟವೆಲ್ ಹೆಗಲಿಗೆ ಹಾಕುವಷ್ಟರಲ್ಲಿ ಯಂತ್ರ ಸಜ್ಜಾಗಿತ್ತು. ತನ್ನದೂ ಸುರೇಖಾಳದೂ ಜಾತಕ ಹಾಕಿ ಕೂಡಿಸಿ ನೋಡಿದ. ಬೆರಳು ಎತ್ತುವ ಮುಂಚೆಯೇ ಉತ್ತರ ಬಂತು. ಕೊಟ್ರೇಶನಿಗೆ ಸಂತೋಷದಿಂದ ಕಣ್ಣು ತುಂಬಿದವು. ಜಾಕೀರನಿಗೆ ಕೂಗಿ ಹೇಳಿದ, ಇವತ್ತು ಚಹಾ ಬೇಡ, ಸಾವ್ಕಾರರಿಗೆ ಕುಡಿಯಲು ಹೊತ್ತು ಇರುವುದಿಲ್ಲ.

ನಾಲ್ಕಕ್ಕೆ ಸರಿಯಾಗಿ ಕಾರು ನಿಂತಿತು. ಅಂದಾನೆಪ್ಪ ಸಾವ್ಕಾರರು, ಅವರ ಹೆಂಡತಿ ಮುತ್ತವ್ವ ಇಳಿದರು. ಮುತ್ತವ್ವ ಕೈಯಲ್ಲಿ ಎಲೆಅಡಿಕೆಯ ಚೀಲ ಹಿಡಿದು, ಕುರ್ಚಿಯ ಮೇಲೆ ಕಾಲು ಮಡಚಿ, ಸೆರಗು ಸರಿ ಮಾಡಿಕೊಂಡು, ಒಂದು ಮದುವೆಗೆ ಕೂತಂತೆ ಕೂತರು. ಕೊಟ್ರೇಶ ಹುಡುಗಿಯ ವಿವರ ಬರೆದ, ಹುಡುಗನ ವಿವರ ಬರೆದ, ಗುಂಡಿ ಒತ್ತಿದ.

ಮುತ್ತವ್ವ ಎಲೆಗೆ ಸುಣ್ಣ ಹಚ್ಚಲು ಬೆರಳು ಎತ್ತಿದ್ದರು.

“ಆತ್ರಿ,” ಅಂದ ಕೊಟ್ರೇಶ. “ಮೂವತ್ತಾರಕ್ಕ ಮೂವತ್ತೊಂದು ಗುಣ ಕೂಡ್ಯಾವ. ಒಂದು ದೋಷ ಇಲ್ಲ. ಕಣ್ಣು ಮುಚ್ಚಿ ಮಾಡ್ರಿ.”

ಮುತ್ತವ್ವನ ಬೆರಳು ಸುಣ್ಣದ ಸಮೇತ ಹಾಗೇ ನಿಂತಿತ್ತು.

“ಏನಾತು?” ಎಂದರು ಸಾವ್ಕಾರರು.

“ಕೂಡಿ ಬಂತ್ರಿ. ನೀವ ನೋಡ್ರಿ, ಪರದೆ ನಿಮ್ಮ ಕಡೆನ ಐತಿ.”

“ಅದು ತಿರಗ್ಲೇ ಇಲ್ಲಲ್ರಿ.”

“ಈಗ ತಿರಗೂದಿಲ್ರಿ. ಹೊಸಾ ಪ್ರೊಸೆಸರ್ ಹಾಕ್ಸೇನಿ. ನಿಮಗ ಹೊತ್ತಿಲ್ಲ ಅಂದಿದ್ರಲ್ಲ, ಅದಕ್ಕ.” ಕೊಟ್ರೇಶ ಇನ್ನೊಮ್ಮೆ ಒತ್ತಿದ. ಇನ್ನೊಮ್ಮೆಯೂ ಮೂವತ್ತೊಂದು, ಅಷ್ಟೇ ಬೇಗ.

ಮುತ್ತವ್ವ ಗಂಡನ ಕಡೆ ನೋಡಿದರು. “ಇದು ಮೊದಲ ಬರದು ಇಟ್ಟಂಗ ಐತ್ರಿ. ಗಂಡಿನ ಕಡೆಯವ್ರು ನಿನ್ನೆ ಇಲ್ಲಿಗೆ ಬಂದಿದ್ರೋ ಏನೋ.”

“ಯವ್ವಾ, ಯಾರೂ ಬಂದಿಲ್ರಿ,” ಎಂದು ಕೊಟ್ರೇಶ ಗಾಬರಿಯಾದ. ಬುಧ, ತ್ರಿಕೋಣ, ತಲೆಮಾರು ಎಲ್ಲ ಒಟ್ಟಿಗೇ ಹೇಳಲು ಹೋಗಿ ಒಂದೂ ಹೇಳಲಾಗಲಿಲ್ಲ. ಗಾಬರಿಯಾದವನನ್ನು ಕಂಡು ಮುತ್ತವ್ವನ ಸಂಶಯ ಇನ್ನಷ್ಟು ಬಲವಾಯಿತು.

ಅಂದಾನೆಪ್ಪ ಸಾವ್ಕಾರರು ಸಿಟ್ಟಾಗಲಿಲ್ಲ. ನೊಂದವರಂತೆ ಮೆಲ್ಲಗೆ ಹೇಳಿದರು. “ಸ್ವಾಮೇರ, ನಾ ಒಂದು ಚೀಲ ಮೆಣಸಿನಕಾಯಿ ಕೊಳ್ಳೂಮುಂದ ಬಣ್ಣಾ ನೋಡ್ತೀನಿ, ನಿರಿಗಿ ನೋಡ್ತೀನಿ, ಮುರದು ವಾಸನಿ ನೋಡ್ತೀನಿ. ಕಾಲು ತಾಸು ಬೇಕು ನನಗ. ನನ್ನ ಮಗಳ ಬಾಳೇವು ಇಷ್ಟರಾಗ ಮುಗೀತೇನ್ರಿ? ಅದು ವಿಚಾರ ಮಾಡೇ ಇಲ್ಲ.”

“ಲಗೂ ನೋಡ್ರಿ ಅಂದಿದ್ರಲ್ರಿ, ಸಾವ್ಕಾರ್ರ.”

“ಅಂತೀವಿ. ಹಂಗಂತ ಲಗೂ ನೋಡೂದೇನ್ರಿ?”

ಸಾವ್ಕಾರರು ಎದ್ದು ನಿಂತರು. “ಹುಡುಗ ಖರೇನ ಛಲೋ ಅದಾನ, ನನಗೂ ಮನಸ್ಸು ಐತಿ. ಮುಂಚೆ ಇದು ಬರೋಬರಿ ಇತ್ತು, ಅರ್ಧ ತಾಸು ತಗೋತಿತ್ತು. ಈಗ ಕೆಟ್ಟೈತಿ. ರಿಪೇರಿ ಮಾಡಸ್ರಿ. ನಾಳೆ ಸಂಜಿ ನಾಕಕ್ಕ ಮತ್ತ ಬರ್ತೀವಿ. ಇದು ಹಿಂಗ ಇದ್ರ ನಾವು ಹಾವೇರಿಗೆ ಹೊಕ್ಕೀವಿ. ಅಲ್ಲೊಬ್ಬ ಶಾಸ್ತ್ರಿಗಳು ಒಂದು ಜಾತಕಾ ನೋಡಾಕ ಮೂರು ದಿನಾ ತಗೋತಾರಂತ.”

ಮೂರು ದಿನ ಎನ್ನುವಾಗ ಮುತ್ತವ್ವನ ಮುಖದಲ್ಲಿ ಭಕ್ತಿ ಕಾಣಿಸಿತು. ಕಾರು ಹೊರಟುಹೋಯಿತು. ಜಾಕೀರ ತನ್ನ ಬಾಗಿಲಲ್ಲಿ ನಿಂತು ಖಾಲಿ ಕಪ್ಪುಗಳನ್ನು ಒಂದೊಂದಾಗಿ ಬೋರಲು ಹಾಕಿದ.

ಕೊಟ್ರೇಶ ಅಶ್ಫಾಕನಿಗೆ ಫೋನು ಹಚ್ಚಿದ.

“ಅಶ್ಫಾಕಣ್ಣ, ನಮ್ಮ ಹಳೇ ಪ್ರೊಸೆಸರ್ ವಾಪಸ್ ಹಾಕಿ ಕೊಡ್ರಿ.”

“ಅಯ್ಯ, ಗುಜರಿಯವ್ರು ಮಧ್ಯಾಹ್ನನ ಒಯ್ದರಲ್ರಿ ಸ್ವಾಮೇರ. ಯಾಕ, ಜೋರ್ ಓಡವಲ್ದೇನು?”

“ಜೋರ್ ಓಡೂದ ತ್ರಾಸಾಗೈತಿ. ಇದನ್ನ ಏನರ ಮಾಡಿ ನಿಧಾನ ಮಾಡಾಕ ಬರ್ತೈತೇನು? ಅರ್ಧ ತಾಸು ವಿಚಾರ ಮಾಡಿದಂಗ ಕಾಣ್ಬೇಕು, ಅಷ್ಟ.”

ಅಶ್ಫಾಕ ಕೇಳಿದ್ದಕ್ಕೆಲ್ಲ ಉತ್ತರ ಕೊಡುವವನೆಂದು ಮೊದಲೇ ಹೇಳಿದೆನಲ್ಲ. ಹುರುಪಿನಿಂದ ಹೇಳಿದ. “ಯಾಕ ಬರೂದಿಲ್ಲ? ಅದಕ್ಕೊಂದು ಸಾಫ್ಟ್‌ವೇರ್ ಐತ್ರಿ. ಪರದೆ ಮ್ಯಾಲ ಒಂಬತ್ತೂ ಗ್ರಹ ಖರೇ ಇದ್ದಂಗ ಸಾವಕಾಶ ತಿರಗ್ತಾವ, ಹಿಂದ ನಕ್ಷತ್ರ ಮಿನುಗ್ತಾವ. ಅರ್ಧ ತಾಸು ಆದಮ್ಯಾಲ ಉತ್ತರ ಬರ್ತೈತಿ. ನೋಡಿದವ್ರು ಕೈ ಮುಗೀಬೇಕು, ಹಂಗೈತಿ.”

ಕೊಟ್ರೇಶನಿಗೆ ಹೋದ ಜೀವ ಬಂದಂತಾಯಿತು. “ಹಂಗಾರ ಅದನ್ನ ಈಗ ಹಾಕ್ರಿ, ನಿಮಗ ಪುಣ್ಯಾ ಬರ್ತೈತಿ.”

“ಹಾಕ್ತೀನ್ರಿ. ಆದ್ರ ಒಂದು ಮಾತು. ಅಷ್ಟು ಸಾವಕಾಶ, ಅಷ್ಟು ಚಂದ ತಿರಗಬೇಕಂದ್ರ ಈಗ ಹಾಕಿದ ಪ್ರೊಸೆಸರ್ ಸಾಲೂದಿಲ್ಲ. ಇದಕ್ಕಿಂತ ಜೋರಿಂದು ಬೇಕು. ಮುಂಜಾನೆ ಲಗೂ ಬರ್ರಿ.”