ಹಲ್ಲಿನ ಡಾಕ್ಟರು ಬಾನೆಟ್ ತೆರೆದದ್ದು

ಬಾಯಿ ತೆರೆಸಿ ಒಳಗಿನ ರೋಗ ಕಂಡುಹಿಡಿಯುವುದೇ ನನ್ನ ಹೊಟ್ಟೆಪಾಡು. ಅಂಥವನಿಗೆ ಬಾನೆಟ್ ತೆರೆದು ಎಂಜಿನ್ನಿನ ರೋಗ ಹಿಡಿಯುವುದು ಯಾವ ಮಹಾ! ಎಂಜಿನ್ನು ಬೆರಳು ಕಚ್ಚುವುದಿಲ್ಲ, ಮುಖಕ್ಕೆ ಉಗುಳುವುದಿಲ್ಲ. ಕಾರಿನಲ್ಲಿ ಎಂಜಿನ್ ಕೆಟ್ಟಿದೆ ಎನ್ನುವ ಹಳದಿ ದೀಪ ಹತ್ತಿಕೊಂಡ ಭಾನುವಾರ, ಇನ್ನು ಗ್ಯಾರೇಜಿನ ಮುಖ ನೋಡುವುದಿಲ್ಲ ಎಂದು ಭೀಷ್ಮಪ್ರತಿಜ್ಞೆ ಮಾಡಿಬಿಟ್ಟೆ.

"ರೀ, ನಾಳೆ ನನ್ನ ಡ್ರೈವಿಂಗ್ ಟೆಸ್ಟು. ದಯವಿಟ್ಟು ಅದಕ್ಕೆ ಕೈ ಹಾಕ್ಬೇಡಿ" ಅಂದಳು ಹೆಂಡತಿ. ಎರಡು ಸಲ ಫೇಲಾಗಿ, ಈ ಕಾರಿನ ಕ್ಲಚ್ಚಿನ ಜೊತೆ ತಿಂಗಳುಗಟ್ಟಲೆ ಜಗಳವಾಡಿ, ಈಗಷ್ಟೇ ರಾಜಿಯಾಗಿದ್ದಳು ಪಾಪ. ಬೇರೆ ಥರದ ಕಾರು ಅವಳ ಕಾಲಿಗೆ ಒಗ್ಗುವುದಿಲ್ಲ. ಸಂಜೆಯೊಳಗೆ ಹೊಸದರ ಹಾಗೆ ಮಾಡಿಕೊಡುತ್ತೇನೆ ಅಂತ ಎದೆ ತಟ್ಟಿಕೊಂಡೆ.

ಫೋನಿನ ವಿಡಿಯೋದಲ್ಲಿ ಒಬ್ಬ ಮಹಾನುಭಾವ ಸಿಕ್ಕ. ಎಂಜಿನ್ನಿಗೆ ಎಷ್ಟು ಗಾಳಿ ಹೋಗುತ್ತಿದೆ ಎಂದು ಅಳೆಯಲು ಗಾಳಿಯ ಕೊಳವೆಯಲ್ಲಿ ಒಂದು ಸೆನ್ಸರ್ ಇರುತ್ತದಂತೆ. ಅದು ಸುಳ್ಳು ಹೇಳಿದರೆ ಹಳದಿ ದೀಪ, ನಿಂತಲ್ಲೇ ನಡುಕ. ನಮ್ಮ ಕಾರೂ ಚಳಿಜ್ವರ ಬಂದ ಹಾಗೆ ನಡುಗುತ್ತಿತ್ತು. ರೋಗ ಸಿಕ್ಕಿಬಿತ್ತು! ಬಿಚ್ಚುವ ಮೊದಲು ಏನೇನು ಪರೀಕ್ಷೆ ಮಾಡಬೇಕು ಎಂದು ಅವನು ಕೊರೆಯತೊಡಗಿದಾಗ ವಿಡಿಯೋವನ್ನು ಮುಂದಕ್ಕೆ ಓಡಿಸಿದೆ. ರೋಗಿಗಳ ಪುರಾಣ ಕೇಳಿ ಕೇಳಿ ನನ್ನ ಕಿವಿ ಮೊದಲೇ ಸವೆದುಹೋಗಿದೆ.

ಸೆನ್ಸರ್ ಸಲೀಸಾಗಿ ಹೊರಬಂತು. ಒಳಗೆ ಕೂದಲಿಗಿಂತ ಸಣ್ಣ ತಂತಿ, ಅದರ ಮೇಲೆ ಚೂರು ಕೊಳೆ. ಕೊಳೆ ಕಂಡರೆ ನನ್ನ ಕೈ ಸುಮ್ಮನಿರುತ್ತದೆಯೇ? ಹಣೆಗೆ ದೀಪ ಕಟ್ಟಿಕೊಂಡು, ಹಲ್ಲಿನ ಸಂದಿ ಕೆರೆಯುವ ಕೊಕ್ಕೆ ಹಿಡಿದು, ಅಭ್ಯಾಸಬಲದಿಂದ "ಸ್ವಲ್ಪ ನೋವಾಗಬಹುದು" ಅಂತ ಸೆನ್ಸರಿಗೂ ಹೇಳಿದೆ. ಒಂದೇ ಗೀರು. ತಂತಿ ತುಂಡಾಯಿತು.

 ಅದನ್ನು ವಾಪಸ್ ಕೂರಿಸುವಾಗ, ಅದರ ಹಿಂದಿನ ರಬ್ಬರ್ ಕೊಳವೆಯಲ್ಲಿ ಉದ್ದಕ್ಕೆ ಬಿರುಕು ಕಂಡಿತು. ಲೆಕ್ಕಕ್ಕೆ ಸಿಗದ ಗಾಳಿ ಕಳ್ಳನ ಹಾಗೆ ಒಳನುಗ್ಗುತ್ತಿದ್ದದ್ದು ಅಲ್ಲಿಂದ! ಸೆನ್ಸರ್ ಸತ್ಯವನ್ನೇ ಹೇಳುತ್ತಿತ್ತು. ನಿರಪರಾಧಿಯನ್ನು ನನ್ನ ಕೈಯಾರೆ ಕೊಂದಿದ್ದೆ. ಕೀ ತಿರುಗಿಸಿದರೆ ಎಂಜಿನ್ನು ಒಮ್ಮೆ ಕೆಮ್ಮಿ ಕಣ್ಣು ಮುಚ್ಚಿತು. ಭಾನುವಾರ, ಬಿಡಿಭಾಗ ಮಾರುವ ಯಾವ ಅಂಗಡಿಯೂ ತೆರೆದಿರಲಿಲ್ಲ.

ಹೆಂಡತಿಗೆ ಹೇಳಿದೆ. ಅವಳು ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಕಾರಿನ 'ಎಲ್' ಬೋರ್ಡನ್ನು ಬಿಚ್ಚಿ ತಂದು ಮಡಿಲಲ್ಲಿ ಇಟ್ಟುಕೊಂಡು ಕೂತಳು. ನನಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು.

ಬೆಳಗ್ಗೆ ಅವಳು ಎದುರು ರಸ್ತೆಗೆ ಹೊರಟಳು. ಅಲ್ಲಿ ಇನ್ನೊಬ್ಬ ಹಲ್ಲಿನ ಡಾಕ್ಟರಿದ್ದಾನೆ, ನನ್ನ ರೋಗಿಗಳನ್ನು ಒಬ್ಬೊಬ್ಬರನ್ನಾಗಿ ಸೆಳೆದುಕೊಳ್ಳುತ್ತಿರುವ ಮಹಾಪುರುಷ. ಅವನದೂ ಇಂಥದ್ದೇ ಕಾರು.

"ಅವನ ಹತ್ರ ಕೇಳ್ಬೇಡ ಕಣೇ, ನನ್ನ ಮಾನ ಹೋಗುತ್ತೆ."

"ಮಾನ ನಿಮ್ದು, ಟೆಸ್ಟು ನಂದು."

ಅವಳು ಮಧ್ಯಾಹ್ನ ಬಂದಳು. ಪಾಸು! ಖುಷಿಗೆ ನನ್ನ ಕಣ್ಣಲ್ಲಿ ನೀರೇ ಬಂತು. ಆದರೆ ಅವಳ ಒಂದು ಕೆನ್ನೆ ಊದಿತ್ತು, ಮಾತು ತೊದಲುತ್ತಿತ್ತು.

"ಏನಾಯ್ತೇ?"

"ಕಾರಿನ ಕೀ ವಾಪಸ್ ಕೊಡೋಕೆ ಹೋದಾಗ ನೋಯ್ತಿದ್ದ ದವಡೆ ಹಲ್ಲನ್ನೂ ಅವರ ಹತ್ರಾನೇ ಕೀಳಿಸ್ಕೊಂಡು ಬಂದೆ" ಅಂದಳು, ಹತ್ತಿಯನ್ನು ಕಚ್ಚಿ ಹಿಡಿದು. "ಅವರು ಮೊದ್ಲು ಯಾವ್ದು ಕೆಟ್ಟಿದೆ ಅಂತ ನೋಡ್ತಾರೆ ರೀ."