ಚಿಕ್ಕಪ್ಪನ ಕೂಟ್ಟಣಿ

ನಮ್ಮ ಚಿಕ್ಕಪ್ಪ ಯಾವ ರಾಜಕೀಯ ಪಕ್ಷಕ್ಕೂ ಸೇರಿದವರಲ್ಲ. ಆದರೆ ಅವರ ಅಪ್ಪಣೆಯಿಲ್ಲದೆ ತಾಂಬರಂನಲ್ಲಿ ಎರಡು ಸಣ್ಣ ಪಕ್ಷಗಳು ಒಂದೇ ಬೆಂಚಿನ ಮೇಲೆ ಕೂತು ಕಾಫಿ ಕುಡಿದ ಉದಾಹರಣೆ ಇಲ್ಲ ಎಂದರೆ ನಂಬುತ್ತೀರಾ? ನಂಬಬೇಡಿ. ನಾನೂ ಮೊದಲು ನಂಬಿರಲಿಲ್ಲ!

ಅವರು ಉಡುಪಿ ಕಡೆಯವರು. ಮದರಾಸು ಚೆನ್ನೈ ಆಗುವುದಕ್ಕೆ ಬಹಳ ಮೊದಲೇ ಬಂದು, ಸ್ಟೇಷನ್ ಎದುರಿನ ಸಸ್ಯಾಹಾರಿ ಹೋಟೆಲಿನಲ್ಲಿ ಸೂಪರ್‌ವೈಸರ್ ಆದವರು. ಊಟದ ಹೊತ್ತಿಗೆ ಜಾಗ ಸಿಗದೆ ನಿಂತವರನ್ನು ಸಂಭಾಳಿಸುವುದು ಅವರ ಕೆಲಸ. ಒಬ್ಬೊಬ್ಬರ ಕಿವಿಯ ಹತ್ತಿರವೂ ಹೋಗಿ, ಗುಟ್ಟು ಹೇಳುವವರಂತೆ, “ಮುಂದಿನ ಟೇಬಲ್ ನಿಮಗೇ ಸಾರ್” ಎನ್ನುತ್ತಿದ್ದರು. ಹತ್ತು ಮಂದಿಗೆ ಒಂದೇ ಟೇಬಲ್! ಹತ್ತೂ ಮಂದಿ ನಗುತ್ತಾ ಕಾಯುತ್ತಿದ್ದರು. ಈ ವಿದ್ಯೆಯನ್ನು ಅವರು ರಾಜಕೀಯಕ್ಕೆ ತಂದದ್ದೇ ಮುಂದಿನ ಅನಾಹುತಕ್ಕೆಲ್ಲ ಕಾರಣ.

ಅವರ ಅಣ್ಣನ ಮಗಳಾದ ನಾನು ಆಗ ವಿಮಾ ಕಚೇರಿಯಲ್ಲಿ ಕೆಲಸ ಸಿಕ್ಕಿ, ಅವರ ಮನೆಯಲ್ಲೇ ಇದ್ದೆ. ಒಂದು ದಿನ ಇಬ್ಬರೂ ಎಲೆಕ್ಟ್ರಿಕ್ ಟ್ರೈನಿನಲ್ಲಿ ಹೊರಟೆವು. ಕಿಟಕಿ ಪಕ್ಕದ ಸೀಟಿಗಾಗಿ ಇಬ್ಬರು ಗಂಡಸರು ಕಿತ್ತಾಡುತ್ತಿದ್ದರು. ಚಿಕ್ಕಪ್ಪ ಸುಮ್ಮನಿರುತ್ತಾರೆಯೇ? “ನೀವು ಪಲ್ಲಾವರಂವರೆಗೆ, ಇವರು ಗಿಂಡಿವರೆಗೆ. ಆಮೇಲಿನದ್ದು ಮಾತಾಡುವ” ಎಂದು ನಡುವೆ ತೂರಿಕೊಂಡರು. ಗಿಂಡಿ ಬರುವಷ್ಟರಲ್ಲಿ ಆ ಇಬ್ಬರೂ ಒಬ್ಬರ ಮಗಳಿಗೆ ಇನ್ನೊಬ್ಬರು ವರ ಹುಡುಕುವಷ್ಟು ಸ್ನೇಹಿತರಾಗಿದ್ದರು. ಕಿಟಕಿಯ ಪಕ್ಕ ಯಾರಿದ್ದರು ಅಂತೀರಿ? ಚಿಕ್ಕಪ್ಪ!

ಮೈತ್ರಿಕೂಟಕ್ಕೆ ತಮಿಳಿನಲ್ಲಿ ಕೂಟ್ಟಣಿ ಎನ್ನುತ್ತಾರೆ. ಚಿಕ್ಕಪ್ಪನ ಕೂಟ್ಟಣಿಯಲ್ಲಿ ಮೂರು ಪಕ್ಷ. ಒಂದಕ್ಕೆ ದರ್ಜಿ ಅಂಗಡಿಯವರು ನಾಯಕರು, ಇನ್ನೊಂದಕ್ಕೆ ನಿವೃತ್ತ ಹೆಡ್‌ಮಾಸ್ಟರು, ಮೂರನೆಯದಕ್ಕೆ ಆಟೋ ಸ್ಟ್ಯಾಂಡಿನ ಅಣ್ಣ. ಮೂರೂ ಪಕ್ಷಗಳ ಸಮಸ್ತ ಕಾರ್ಯಕರ್ತರು ಆ ಅಣ್ಣನ ಒಂದೇ ಆಟೋದಲ್ಲಿ ಹಿಡಿಸುತ್ತಿದ್ದರು. ನಡುವೆ ಮೈಕ್ ಹಿಡಿದು ಚಿಕ್ಕಪ್ಪ.

ಮೊದಲ ಸಲ ಪುರಸಭೆ ಚುನಾವಣೆಗೆ ಮೂವರೂ ಅಕ್ಕಪಕ್ಕದ ಮೂರು ವಾರ್ಡುಗಳಲ್ಲಿ ನಿಂತರು. ಇಂಥ ಪುಟ್ಟ ಪಕ್ಷಗಳಿಗೆ ಸ್ವಂತ ಚಿಹ್ನೆ ಎಲ್ಲಿಂದ ಬರಬೇಕು? ಕೊಟ್ಟದ್ದನ್ನು ತೆಗೆದುಕೊಳ್ಳಬೇಕು. ಒಬ್ಬರಿಗೆ ಟೇಬಲ್ ಫ್ಯಾನ್, ಒಬ್ಬರಿಗೆ ಏಣಿ, ಒಬ್ಬರಿಗೆ ಬೀಗ ಬಂತು. ಚಿಕ್ಕಪ್ಪ ಆವೇಶದಲ್ಲಿ ಏಣಿಯ ವಾರ್ಡಿನಲ್ಲಿ ಇಡೀ ದಿನ ಫ್ಯಾನಿಗೆ ಮತ ಕೇಳಿದರು. ಸಂಜೆ ಹೆಡ್‌ಮಾಸ್ಟರು ಎದೆ ಹಿಡಿದುಕೊಂಡು ಬಂದು, “ಅಯ್ಯೋ, ನನ್ನದು ಏಣಿ!” ಎಂದರೆ, ಇವರು, “ಏಣಿ ಹತ್ತದೆ ಫ್ಯಾನ್ ಒರೆಸ್ಲಿಕ್ಕೆ ಆಗ್ತದಾ ಮೇಷ್ಟ್ರೇ?” ಎಂದರಂತೆ. ಟೇಬಲ್ ಫ್ಯಾನ್ ಒರೆಸುವುದಕ್ಕೆ ಏಣಿ ಯಾಕೆ ಎಂದು ಕೇಳಬೇಕೆಂದು ಹೆಡ್‌ಮಾಸ್ಟರಿಗೆ ಹೊಳೆದದ್ದು ಮರುದಿನ.

ಮೂವರೂ ಮಣ್ಣುಮುಕ್ಕಿದರು. ಚಿಕ್ಕಪ್ಪ ಕೇಸರಿಭಾತ್ ಹಂಚಿದರು! “ಸೋತದ್ದು ಪಕ್ಷ. ಕೂಟ್ಟಣಿ ಗೆದ್ದಿದೆ. ಮೂವರೂ ಇನ್ನೂ ಮಾತಾಡ್ತಾರಲ್ಲ?” ಎಂದು ನನ್ನನ್ನೇ ಕೇಳಿದರು.

ಮುಂದಿನ ಚುನಾವಣೆ ಬಂತು. ಈ ಸಲ ಮೂವರ ಕಣ್ಣೂ ನಮ್ಮ ವಾರ್ಡಿನ ಮೇಲೆ. ದೊಡ್ಡ ಪಕ್ಷಗಳು ಒಳಜಗಳದಲ್ಲಿ ಮುಳುಗಿದ್ದ ವಾರ್ಡು ಅದೊಂದೇ. ಅದು ಮಹಿಳೆಯರಿಗೆ ಮೀಸಲಾಗಿತ್ತು. ನಮ್ಮ ಬೀದಿಗಂತೂ ಗೆಲ್ಲುವುದು ಜೀವನ್ಮರಣದ ಪ್ರಶ್ನೆ, ಯಾಕೆಂದರೆ ನಮಗೆ ಕೊಳಾಯಿಯೇ ಇರಲಿಲ್ಲ. ದಿನ ಬಿಟ್ಟು ದಿನ ನೀರಿನ ಲಾರಿ ಬರುತ್ತಿತ್ತು. ಬಂದ ಕೌನ್ಸಿಲರುಗಳೆಲ್ಲ ಪೈಪು ಹಾಕಿಸುತ್ತೇವೆಂದು ಹೇಳಿ ಮರೆತಿದ್ದರು. ಪ್ಲಾಸ್ಟಿಕ್ ಕೊಡಗಳ ಆ ಉದ್ದ ಸಾಲನ್ನು ಜಗಳವಾಗದಂತೆ ನಡೆಸುತ್ತಿದ್ದವರು ನಮ್ಮ ಚಿಕ್ಕಮ್ಮ. ಅದೂ ಬಾಯಿ ತೆರೆಯದೆ, ಬೆರಳು ತೋರಿಸಿಯೇ!

ನಾಮಪತ್ರದ ಕೊನೆಯ ದಿನ ಬೆಳಗ್ಗೆ ದರ್ಜಿ ನಾಯಕರು ತಂಗಿಯನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ಹಿಂದೆಯೇ ಹೆಡ್‌ಮಾಸ್ಟರು, ಹೆಂಡತಿಯೊಂದಿಗೆ. ಅವರ ಹಿಂದೆ ಆಟೋ ಅಣ್ಣ, ತಾಯಿಯೊಂದಿಗೆ. ನನಗೆ ಎಲ್ಲ ಅರ್ಥವಾಗಿಹೋಯಿತು. ನಮ್ಮ ಸೂಪರ್‌ವೈಸರು ಮೂವರಿಗೂ “ಈ ವಾರ್ಡು ನಿಮಗೇ” ಎಂದು ಕಿವಿಯಲ್ಲಿ ಹೇಳಿದ್ದರು!

ಜಗುಲಿಯಲ್ಲಿ ಕುರುಕ್ಷೇತ್ರ ಶುರುವಾಯಿತು. ದ್ರೋಹ ಎಂದರು, ಮೋಸ ಎಂದರು. “ಸ್ವಲ್ಪ ಕೂತ್ಕೊಳ್ಳಿ, ಕಾಫಿ ಬರ್ತದೆ” ಎಂದು ಚಿಕ್ಕಪ್ಪ ಬೆವರುತ್ತಿದ್ದರು. ಒಳಗೆ ಅಡುಗೆಮನೆಯಲ್ಲಿ ಮಾತ್ರ ನಗು ಕೇಳುತ್ತಿತ್ತು. ಆ ಮೂವರು ಹೆಂಗಸರೂ ಲಾರಿಯ ಸಾಲಿನಲ್ಲಿ ಚಿಕ್ಕಮ್ಮನಿಗೆ ಪರಿಚಯದವರು. ಹತ್ತು ನಿಮಿಷ ಕಳೆದು ಆಟೋ ಅಣ್ಣನ ತಾಯಿ ಲೋಟ ಹಿಡಿದೇ ಹೊರಗೆ ಬಂದು, “ಇಂದ ಅಕ್ಕಾವೇ ನಿಕ್ಕಟ್ಟುಂ” ಎಂದರು. ಈ ಅಕ್ಕನೇ ನಿಲ್ಲಲಿ, ನಮಗ್ಯಾರಿಗೂ ಬೇಡ!

ಚಿಕ್ಕಪ್ಪ ಗಾಬರಿಯಾದರು. “ಇವಳಾ? ಇವಳಿಗೆ ನಾಲ್ಕು ಜನರ ಎದುರು ಮಾತಾಡ್ಲಿಕ್ಕೆ ಬರೂದಿಲ್ಲ ಮಾರಾಯ್ರೇ!”

ಚಿಕ್ಕಮ್ಮ ಸೆರಗಿಗೆ ಕೈ ಒರೆಸಿಕೊಂಡು ಬಾಗಿಲಿಗೆ ಬಂದರು. “ನಾಳೆ ಲಾರಿ ಎಷ್ಟೊತ್ತಿಗೆ ಬರ್ತದೆ, ನಿಮ್ಗೆ ಗೊತ್ತುಂಟಾ?”

“ಇಲ್ಲ.”

“ಹಾಗಾದ್ರೆ ನಾನು ನಿಲ್ತೇನೆ.”

ಚಿಕ್ಕಪ್ಪ ವರ್ಷಗಟ್ಟಲೆ ಹೆಣಗಿ ಕಟ್ಟಿದ್ದ ಕೂಟ್ಟಣಿಯನ್ನು ಆ ಹೆಂಗಸರು ಹಾಲು ಕಾಯುವಷ್ಟರಲ್ಲಿ ಕಟ್ಟಿದ್ದರು. ಚಿಕ್ಕಮ್ಮ ಭಾಷಣ ಮಾಡಲಿಲ್ಲ. ಮೂವರು ಗೆಳತಿಯರೊಂದಿಗೆ ಮನೆಮನೆಗೆ ಹೋಗಿ ಕೈಮುಗಿದು ಬಂದರು. ಗೆದ್ದೇಬಿಟ್ಟರು!

ಹಾರ ಬಿದ್ದದ್ದೆಲ್ಲ ಚಿಕ್ಕಪ್ಪನ ಕೊರಳಿಗೆ. ಹೆಸರಿಗೆ ಹೆಂಡತಿ, ಆಡಳಿತಕ್ಕೆ ಗಂಡ ಎಂದು ಊರೇ ತೀರ್ಮಾನಿಸಿತ್ತು. ಸುಳ್ಳು ಯಾಕೆ ಹೇಳಲಿ, ನಾನೂ ಹಾಗೇ ಅಂದುಕೊಂಡಿದ್ದೆ. ಮೊದಲ ಸಭೆಯ ದಿನ ಅವರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಎಂಟು ಪುಟದ ಭಾಷಣ ಬರೆದುಕೊಂಡು, ಚಿಕ್ಕಮ್ಮನಿಗಿಂತ ಮುಂದೆ ನಡೆದರು. ಹಿಂದೆ ನಾನೂ ಹೋದೆ. ಸಭಾಂಗಣದ ಬಾಗಿಲಲ್ಲಿ ಜವಾನ ಕೈ ಅಡ್ಡ ಹಿಡಿದ. ಒಳಗೆ ಸದಸ್ಯರು ಮಾತ್ರ!

“ನಾನು ಅವರ ಯಜಮಾನ” ಎಂದರು ಚಿಕ್ಕಪ್ಪ.

“ಇರಲಿ ಸಾರ್. ಆ ಬೆಂಚಿನ ಮೇಲೆ ಕೂತಿರಿ.”

ಚಿಕ್ಕಮ್ಮ ಒಬ್ಬರೇ ಒಳಗೆ ಹೋದರು. ಭಾಷಣ ಚಿಕ್ಕಪ್ಪನ ಕೈಯಲ್ಲೇ ಉಳಿಯಿತು. “ಅವಳು ಬಾಯಿ ಬಿಡೂದಿಲ್ಲ, ಕೊಳಾಯಿ ಹೋಯ್ತು ಮಾರಾಯ್ತಿ” ಎಂದು ನನ್ನ ಹತ್ತಿರ ಗೊಣಗುತ್ತಾ ಕಿಟಕಿಗೆ ಕಿವಿಯಿಟ್ಟರು.

ಯಾರ್ಯಾರೋ ಮಾತಾಡಿದರು. ಯಾರ್ಯಾರಿಗೋ ಧನ್ಯವಾದ ಹೇಳಿದರು. ಆಮೇಲೆ ಮೈಕಿನಲ್ಲಿ ಒಂದು ಹೆಣ್ಣು ದನಿ, ಉಡುಪಿಯ ರಾಗದ ತಮಿಳಿನಲ್ಲಿ, ಮೊದಲು ನಡುಗುತ್ತಾ, ನಮ್ಮ ಬೀದಿಯ ಹೆಸರು ಹೇಳಿತು. ಎಷ್ಟು ಮನೆ, ಎಷ್ಟು ಕೊಡ, ಲಾರಿ ಬಾರದ ದಿನ ಯಾವ ಬಸುರಿ ಎಷ್ಟು ದೂರ ನಡೆದಳು ಎಂದು ಹೇಳಿತು. ನೋಡೋಣ ಎಂದು ಅಧ್ಯಕ್ಷರು ಹೇಳಿದ್ದು ಕೇಳಿಸಿತು. ಆ ದನಿ ಏರಿತು. “ನೋಡೋಣ ಬೇಡ. ತೇದಿ ಸೊಲ್ಲುಂಗ ಸಾರ್!” ತಾರೀಕು ಹೇಳಿ! ಅಧ್ಯಕ್ಷರು ಕೊನೆಗೆ ಒಂದು ತಾರೀಕು ಹೇಳಿದರು. ಒಳಗಿನ ಹೆಂಗಸರೆಲ್ಲ ಮೇಜು ಬಡಿದರು.

ನಾನು ಕುಣಿಯುವವಳಿದ್ದೆ. ತಿರುಗಿ ನೋಡಿದರೆ ಚಿಕ್ಕಪ್ಪ ಗೋಡೆಗೊರಗಿ ಬೆಂಚಿನ ಮೇಲೆ ಕೂತುಬಿಟ್ಟಿದ್ದರು. ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ.

“ಏನಾಯ್ತು ಚಿಕ್ಕಪ್ಪ? ಗೆದ್ದೆವಲ್ಲ!”

ಅವರು ಕೈಯಲ್ಲಿದ್ದ ಭಾಷಣವನ್ನು ಮಡಚಿ ಜೇಬಿಗಿಟ್ಟರು. ಆಮೇಲೆ ಮೆಲ್ಲಗೆ, “ಅವಳಿಗೆ ಇಷ್ಟು ದೊಡ್ಡ ಸ್ವರ ಉಂಟು ಅಂತ ನಂಗೆ ಗೊತ್ತೇ ಇರ್ಲಿಲ್ಲ ಮಾರಾಯ್ತಿ. ಮದುವೆಯಾಗಿ ಮೂವತ್ತು ವರ್ಷ ಆಯ್ತು. ಕೇಳುವಷ್ಟು ಹೊತ್ತು ನಾನು ಒಂದು ದಿನ ಸುಮ್ಮನೆ ಕೂತದ್ದಿಲ್ಲ” ಎಂದರು.