ಸೋದರಮಾವನ ಹಿಮಾಲಯ

ಹಿಮಾಲಯ ಹೇಗೆ ಹುಟ್ಟಿತೆಂದು ನಿಮಗೆ ಗೊತ್ತಿಲ್ಲವೇ? ಪುಣ್ಯವಂತರು! ನಮ್ಮ ಸೋದರಮಾವನ ಕೈಗೆ ನೀವಿನ್ನೂ ಸಿಕ್ಕಿಲ್ಲ. ಮಾವ ಭೂವಿಜ್ಞಾನಿಯೇನಲ್ಲ, ದೆಹಲಿಯ ಸರಕಾರಿ ಕಚೇರಿಯೊಂದರಲ್ಲಿ ಮೂವತ್ತು ವರ್ಷ ಟಪಾಲು ನೋಡಿಕೊಂಡವರು. ಯಾವಾಗಲೋ ಭೂಗೋಳದ ಒಂದೇ ಒಂದು ಪುಸ್ತಕ ಓದಿದರು ನೋಡಿ, ಅಲ್ಲಿಂದ ಆರ್.ಕೆ.ಪುರಂನ ಅವರ ಕ್ವಾರ್ಟರ್ಸಿಗೆ ಕಾಫಿಗೆಂದು ಹೋದವರೆಲ್ಲ ಪಾಠ ಕೇಳಿಯೇ ಏಳಬೇಕು.

ನನ್ನ ಮದುವೆಯ ಸೀರೆ ಕೊಳ್ಳಲು ಕರೋಲ್ ಬಾಗಿಗೆ ಹೋಗಿದ್ದೆವು. ಅಂಗಡಿಯವನು ಹರಡಿದ್ದ ಎರಡು ರೇಷ್ಮೆ ಸೀರೆಗಳನ್ನು ಮಾವ ಎದುರುಬದುರು ನೂಕತೊಡಗಿದರು. "ನೋಡು, ಇದು ನಮ್ಮ ದೇಶ ಹೊತ್ತ ನೆಲದ ಪ್ಲೇಟು, ಇದು ಏಷ್ಯಾದ್ದು. ಎರಡೂ ಡಿಕ್ಕಿ ಹೊಡೆದ್ವು. ನಡುವಿನ ನೆಲಕ್ಕೆ ಹೋಗೋಕೆ ಜಾಗ ಇಲ್ಲ, ಮಡಿಚಿಕೊಂಡು ಮೇಲೆದ್ದಿತು. ಅದೇ ಹಿಮಾಲಯ!"

"ಅಚ್ಛಾ ಭಾಯಿಸಾಬ್, ಇದರಲ್ಲಿ ಯಾವ ಪ್ಲೇಟು ಪ್ಯಾಕ್ ಮಾಡಲಿ?" ಎಂದು ಹಿಂದಿಯಲ್ಲಿ ಕೇಳಿದ ಆ ಅಂಗಡಿಯವನು ನನ್ನ ಪಾಲಿಗೆ ಇಂದಿಗೂ ಮಹಾಪುರುಷ!

ಇದನ್ನಾದರೂ ಸಹಿಸಬಹುದಿತ್ತು. ದೆಹಲಿಯ ಆಚೆ ಅಂಚಿನ ಇಂದಿರಾಪುರಂನಲ್ಲಿ ನಾವು ಒಂಬತ್ತನೇ ಮಹಡಿಯಲ್ಲಿ ಫ್ಲ್ಯಾಟು ಕೊಂಡು ಗೃಹಪ್ರವೇಶ ಮಾಡಿದ ದಿನ, ನೆಂಟರೆಲ್ಲ ಪಾಯಸ ಸವಿಯುತ್ತಿದ್ದಾಗ ಈ ಮಹಾಶಯರು ಕಂಬ ಕಂಬವನ್ನೂ ಗುದ್ದಿ ನೋಡುತ್ತಿದ್ದರು!

"ಆ ನೂಕಾಟ ಇನ್ನೂ ನಿಂತಿಲ್ಲ ಕಣೇ. ನೆಲದೊಳಗೆ ಬಿಗೀತಾನೇ ಇದೆ. ಒಂದಿನ ಜಾರಿದ್ರೆ ಈ ಒಂಬತ್ತನೇ ಮಹಡಿ ಗತಿ?"

ನಮ್ಮತ್ತೆ, ಅಂದರೆ ನನ್ನ ಗಂಡನ ತಾಯಿ, ಪಾಯಸದ ಬಟ್ಟಲು ಕೆಳಗಿಟ್ಟರು. ನನಗೆ ಮೈಯೆಲ್ಲ ಉರಿದುಹೋಯಿತು. "ಮಾವ, ಇನ್ನು ಈ ಮನೆ ಮೆಟ್ಟಿಲು ಹತ್ತಬೇಡಿ" ಎಂದುಬಿಟ್ಟೆ. ಅವರು ಹತ್ತಲಿಲ್ಲ. ಎರಡು ವರ್ಷ ಮಾತಿಲ್ಲ, ಕತೆಯಿಲ್ಲ. ಕಿವಿಗೆ ಎಂಥ ನೆಮ್ಮದಿ ಎಂದು ಎಲ್ಲರೆದುರು ಹೇಳಿಕೊಂಡು ತಿರುಗಿದೆ. ಹಬ್ಬ ಬಂದಾಗ ಮಾತ್ರ ಅವರಿಗೂ ಒಂದು ಎಲೆ ಹಾಕಿ, ಮತ್ತೆ ಎತ್ತಿಡುತ್ತಿದ್ದೆ.

ಒಂದು ಬೆಳಿಗ್ಗೆ ಫ್ಯಾನು ತನ್ನಷ್ಟಕ್ಕೆ ತೂಗಾಡಿತು. ಅಪಾರ್ಟ್‌ಮೆಂಟಿನವರೆಲ್ಲ ಕೆಳಗೆ ಓಡಿದೆವು. ಏನೂ ಆಗಲಿಲ್ಲ. ಲಿಫ್ಟು ನಿಲ್ಲಿಸಿದ್ದರು, ಮೊಬೈಲುಗಳು ಸತ್ತಂತಿದ್ದವು. ಏದುಸಿರು ಬಿಡುತ್ತ ಮೇಲೆ ಬಂದು ಎರಡು ತಾಸಾಗಿತ್ತು, ಕರೆಗಂಟೆ ಸದ್ದಾಯಿತು.

ಬಾಗಿಲಲ್ಲಿ ಮಾವ. ಅಂಗಿ ಒದ್ದೆ, ಮಂಡಿ ಹಿಡಿದುಕೊಂಡಿದ್ದಾರೆ.

"ಭೂಮಿ ನಡುಗಿದ ಮೇಲೆ ಯಾರಾದ್ರೂ ಒಂಬತ್ತು ಮಹಡಿ ಹತ್ತುತ್ತಾರಾ? ಎಲ್ಲ ತಿಳಿದವರು ನೀವು! ಮತ್ತೊಮ್ಮೆ ನಡುಗಿದ್ರೆ?" ಎಂದು ರೇಗಿದೆ.

ಮಾವ ಪಾಠ ಮಾಡಲಿಲ್ಲ. ನನ್ನ ತಲೆ, ಭುಜ, ಕೈ ಒಂದೊಂದನ್ನೇ ಮುಟ್ಟಿ ನೋಡಿದರು.

"ಫೋನು ಸಿಗಲೇ ಇಲ್ಲ ಕಣೇ" ಎಂದರು. "ಇನ್ನು ನಡುಗಿದ್ರೆ ನಡುಗ್ಲಿ ಬಿಡು. ನೀನು ಇದ್ದೀಯಲ್ಲ."